ಹೆಚ್ಚಿತು

ಹನ್ನೊಂದು ಸಾವಿರದ ಐನೂರು ಎಣಿಸಿ ಕೊಟ್ಟಾಗಿತ್ತು.
ಡಬ್ಬಿ ಇನ್ನೂ ನನ್ನ ಕೈಗೆ ಬಂದಿರಲಿಲ್ಲ,
ಅಂಗಡಿ ಹುಡುಗ ಇನ್ನೊಂದು ಡ್ರಾ ಎಳೆದ:
"ಚಾಚಿ, ಗಾಜಿಗೆ ಗಾಜು ಹಾಕ್ಲೇನು?
ಸಾದಾ ನೂರೈವತ್ತು, ಅಂಚು ಮುಚ್ಚೂದು ಮುನ್ನೂರು,
ಬಾಜೂದವ್ರಿಗೆ ಕಾಣಲಾರದಂಥಾ ಕಪ್ಪಂದು ಐನೂರು.
ಹಿಂದ ಕವರು. ಮ್ಯಾಲ ಒಂದು ವರ್ಷದ ವಿಮಾ,
ಸಾವಿರದ ಮುನ್ನೂರು ಅಷ್ಟ."

ಅಷ್ಟ ಅಂತ.
ನನಗ ಗಾಜಿನ ಪಾಠ ಹೇಳ್ತೀಯೇನೋ ತಮ್ಮಾ,
ಮೂವತ್ತೊಂದು ವರ್ಷ ಆತು ಬಳಿ ಮಾರಾಕ ಹತ್ತಿ.
ಫಿರೋಜಾಬಾದದ ಪೆಟ್ಟಿಗಿ ಬಿಚ್ಚಿದ್ರ
ಹುಲ್ಲಿನ ವಾಸನಿ ಮೊದಲು, ಆಮ್ಯಾಲ ಬಳಿ.
ಐದಾರು ಡಜನ್ ಪುಡಿ ಅಂತ ಬಿಚ್ಚೂ ಮೊದಲ ಲೆಕ್ಕ ಹಿಡೀತೀವಿ.
ಹುಲ್ಲಿಗಿ ಯಾರೂ ಬಿಲ್ ಮಾಡೂದಿಲ್ಲ.

ಡಜನ್ ಕೊಂಡಾಕಿಗೆ ಒಂದು ಹೆಚ್ಚಿಗಿ ಏರಸ್ತೀನಿ,
ನಮ್ಮತ್ತಿ ಕಲಿಸಿದ್ದು.
ರೊಟ್ಟಿ ಬಡಿಯುವಾಗೋ, ಗಂಡನ ಕೂಡ ಜಗಳದಾಗೋ
ಒಂದು ಹೋಗೂದು ಖರೆ.
ಆ ಒಂದ ನಮ್ಮ ವಿಮಾ.
ಈ ಡಬ್ಬ್ಯಾಗ ಹೆಚ್ಚಿಗಿದು ಯಾಕ ಇಟ್ಟಿಲ್ಲ ಅಂತ ಕೇಳಿದೆ.
ಚಾರ್ಜರ್ ಸೈತ ಇಲ್ಲ ಚಾಚಿ, ಅಂದ.

ವಿಮಾದ ಹಾಳಿ ಓದು ಅಂದೆ.
ಬಿದ್ರ ಕೊಡ್ತಾರ, ಅರ್ಧ ನೀವು ಹಾಕಬೇಕು.
ಕಳುವಾದ್ರ ಪೊಲೀಸ್ರ ಚೀಟಿ ಬೇಕು.
ನೀರಾಗ ಬಿದ್ರ ಇಲ್ಲ.
"ನೀರಿಂದು ಬ್ಯಾರೆ ಸ್ಕೀಮು."

ನೀರಿಂದು ಬ್ಯಾರೆ. ಗೊತ್ತೈತಿ.
ಹಳೆ ಬಾಗಲಕೋಟಿಗೆ ಹಿನ್ನೀರು ಬರತೈತಿ ಅಂದಾಗ
ಸಾಹೇಬ್ರು ಟೇಪು ಹಿಡಿದು ಬಂದಿದ್ರು:
ಗ್ವಾಡಿ ಎಷ್ಟು, ಬಾಗಲಾ ಎಷ್ಟು, ಕಿಡಕಿ ಎಷ್ಟು.
ಕಟ್ಟಿ ಮ್ಯಾಲ ಕುಂತು ಕೈ ಚಾಚಿದ ಹೆಣ್ಮಕ್ಕಳನ್ನ
ಯಾ ಕಾಲಮ್ಮಿನಾಗೂ ಬರೀಲಿಲ್ಲ.
ನವನಗರದಾಗ ಸೆಕ್ಟರ್ ಸೆಕ್ಟರ್ ತಿರುಗಿ
ನನ್ನ ಹುಡುಕಿ ಬಂದಾಕಿ ನೀಲಗಂಗವ್ವ ಒಬ್ಬಾಕಿ.
"ಹೇಳದ ಹೋಗೂದೇನ ದಾವಲಬೀ" ಅಂತ ಬೈದ್ಲು.
ನಾ ಎಲ್ಲಿ ಹೋದೆ? ಊರ ಹೋತು.

ಆಕಿ ಮೊಮ್ಮಗಳ ಮದಿವಿ ಸಲುವಾಗೇ ಈ ಫೋನು.
ಎರಡು-ನಾಕೋ ಎರಡು-ಆರೋ
ಕೈಯಿನ ಫೋಟೋ ಕಳಸ್ತಾರಂತ,
ರೊಕ್ಕಾನೂ ಅದರಾಗ ಬರ್ತಾವಂತ.
ಹಿಡಿದು ಒತ್ತಿ ನೋಡಲಾರದ ಕೈಯಿನ ಅಳತಿ
ಹೆಂಗ ಗೊತ್ತಾದೀತು?
ಇರ್ಲಿ.

ವಿಮಾ ಬ್ಯಾಡ. ಕವರೂ ಬ್ಯಾಡ,
ಬಳಿ ಸ್ಟ್ಯಾಂಡಿನ ಮಕಮಲ್ ತುಂಡು ಮನ್ಯಾಗ ಐತಿ.
ಸಾದಾ ಗಾಜು ಹಾಕು, ನೂರಕ್ಕ.
ನೂರಾ ಇಪ್ಪತ್ತಕ್ಕ ಮುಗೀತು.

ಹುಡುಗ ಒರಸಿ ಅಂಟಿಸಿದ. ನಡುವ ಒಂದು ಗುಳ್ಳಿ,
ಕಾರ್ಡ್ ಹಾಕಿ ತಿಕ್ಕಿದ್ರೂ ಜಾಗಾ ಬಿಡ್ಲಿಲ್ಲ.
ಕೊಡಿಲ್ಲೆ ಅಂದೆ.
ಬಸರಿ ಹೆಂಗಸರ ಊದಿದ ಕೈಯಾಗ
ಗೆಣ್ಣಿನ ಎಲುವು ಒಳಗ ಸರಿಸಿ ಬಳಿ ಏರಿಸಿದ ಹೆಬ್ಬಟ್ಟು;
ಒತ್ತೂದು ಎಷ್ಟು, ಬಿಡೂದು ಎಲ್ಲಿ
ಅದಕ್ಕ ನಾ ಹೇಳಬೇಕಾಗಿಲ್ಲ.
ಗುಳ್ಳಿ ಮೆಲ್ಲಕ ಅಂಚಿಗೆ ಬಂತು. ಹೋತು.
ಹುಡುಗ ನನ್ನ ಕೈ ನೋಡಿದ, ಫೋನ್ ನೋಡ್ಲಿಲ್ಲ.

ಒಂಬತ್ತನೇ ದಿನಕ್ಕ, ಮದಿವಿ ಮನ್ಯಾಗ,
ಹಸರು ಬಳಿ ಏರಸುವಾಗ
ತೊಡಿ ಮ್ಯಾಲಿಂದ ಜಾರಿ ಶಾಬಾದ ಕಲ್ಲಿಗೆ ಬಿತ್ತು.
ಮೂಲಿಯಿಂದ ಮೂಲಿಗೆ ಒಂದು ಎಳಿ.
"ಅಯ್ಯ ಚಾಚಿ, ಒಡೀತು!" ಅಂದ್ಲು ಮದಮಗಳು.

ಹಸರು ಬಳಿ ಇಟ್ಟಕೊಂಡು ಹಂಗ ಅನಬಾರದವ್ವಾ,
ಹೆಚ್ಚಿತು ಅನ್ನಬೇಕು.

ಹೆಚ್ಚಿತು ಅಂದ್ಲು. ನಕ್ಲು. ಇನ್ನೊಂದು ಕೈ ಕೊಟ್ಲು.

ಹೆಚ್ಚಿದ್ದು ಮ್ಯಾಲಿನ ನೂರಾ ಇಪ್ಪತ್ತರದೋ,
ಕೆಳಗಿನ ಹನ್ನೊಂದು ಸಾವಿರದ್ದೋ,
ಸುಲಿದು ನೋಡಿದ್ರ ಗೊತ್ತಾಗತೈತಿ.
ತಿಂಗಳಾತು. ಫೋಟೋ ಬರ್ತಾವ, ರೊಕ್ಕಾ ಬರ್ತಾವ,
ಎಳಿ ಮ್ಯಾಲ ಹೆಬ್ಬಟ್ಟು ಆಡಸ್ತೀನಿ.
ಇನ್ನೂ ಸುಲಿದಿಲ್ಲ.